ಕಲಿತವರೂ ಓದಿದವರೂ

ಬಹುಪಾಲು ದಿಕ್ಕುಗಳಲ್ಲಿ ಆಂಧ್ರದೇಶದಿಂದ ಸುತ್ತುವರಿಯಲ್ಪಟ್ಟಿರುವ ಪಾವಗಡದ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಮನೆಯೊಳಗೆ ಅಕ್ಕತಂಗಿಯರಂತೆ ಬಾಳುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಸಂಜೆ ದೀಪ ಹಚ್ಚಿದ ಬಳಿಕ ತಾಯಿಯು ಮಗುವಿಗೆ ಕನ್ನಡದಲ್ಲಿ ‘ಓದಿಕೋ’ ಎಂದರೆ, ಅಜ್ಜಿಯು ತೆಲುಗಿನಲ್ಲಿ ‘ಚದುವುಕೋ’ ಎನ್ನುವಳು. ಓದು, ಚದುವು ಎಂಬ ಈ ಎರಡು ಮಾತುಗಳಿಗೂ ಬರೆದುದನ್ನು ವಾಚಿಸುವುದು ಎಂಬ ಅರ್ಥವೂ ಉಂಟು, ವಿದ್ಯಾಭ್ಯಾಸ ಮಾಡುವುದು ಎಂಬ ಅರ್ಥವೂ ಉಂಟು. ಆದರೆ ಅದೇ ಮಗು ಬಾವಿಯಲ್ಲಿ ಈಜುವುದನ್ನು ಸಾಧಿಸಿದರೆ ‘ಈಜು ಕಲಿತ’ ಎನ್ನುವರೇ ಹೊರತು ‘ಈಜು ಓದಿದ’ ಎನ್ನುವವರಿಲ್ಲ. ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ ಓದು ವ್ಯಾಪ್ಯ, ಕಲಿಕೆ ವ್ಯಾಪಕ. ಓದೆಲ್ಲವೂ ಕಲಿಕೆಯ ಒಂದು ಬಗೆ, ಕಲಿಕೆಯೆಲ್ಲವೂ ಓದಲ್ಲ. ಸಣ್ಣದಾಗಿ ತೋರುವ ಈ ಭೇದದಲ್ಲಿ ಕನ್ನಡಿಗರ ವಿದ್ಯೆಯ ಚರಿತ್ರೆಯ ಒಂದು ಭಾಗವೇ ಅಡಗಿದೆ.

ಇಂಗ್ಲಿಷಿನ ‘ಲರ್ನ್’ ಎಂಬ ಕ್ರಿಯಾಪದಕ್ಕೆ ‘ಕಲಿ’ ಎಂದು ಅರ್ಥ ಬರೆಯಿಸುವುದು ಪಾಠಶಾಲೆಗಳ ವಾಡಿಕೆ. ಅದು ಎಲ್ಲ ಕಡೆಯಲ್ಲಿಯೂ ಸಲ್ಲದು. ಆ ಒಂದೇ ಪದವನ್ನು ಪದ್ಯದ ವಿಷಯದಲ್ಲಿ ಬಳಸಿದರೆ ಕನ್ನಡದಲ್ಲಿ ‘ಬಾಯಿಪಾಠ ಮಾಡು’ ಎನ್ನಬೇಕು. ವಾರ್ತೆಯ ವಿಷಯದಲ್ಲಾದರೆ ‘ತಿಳಿ’ ಎನ್ನಬೇಕು. ಕಷ್ಟದಿಂದ ಬಂದ ವಿವೇಕವಾದರೆ ‘ಬುದ್ಧಿ ಕಲಿ’ ಎನ್ನಬೇಕು. ದೀರ್ಘಕಾಲದ ಅಭ್ಯಾಸದಿಂದ ಬಂದ ಕೌಶಲಕ್ಕೆ ‘ಪಳಗು’, ‘ನುರಿ’ ಎಂಬ ಬೇರೆ ಮಾತುಗಳೇ ಉಂಟು. ಇಂಗ್ಲಿಷ್ ಪದದ ಮೂಲಾರ್ಥವನ್ನು ಶೋಧಿಸಿದವರು, ಹೆಜ್ಜೆಯ ಗುರುತು, ಜಾಡು ಎಂಬ ಅರ್ಥವುಳ್ಳ ಪ್ರಾಚೀನ ಶಬ್ದದ ಕುಲಕ್ಕೆ ಅದು ಸೇರಿದುದೆಂದು ಹೇಳುವರು. ಮುಂದೆ ನಡೆದವರ ಜಾಡನ್ನು ಹಿಡಿಯುವುದೇ ಕಲಿಕೆ. ಹಿಂದೆ ಆ ಪದಕ್ಕೆ ‘ಕಲಿಸು’ ಎಂಬ ಅರ್ಥವೂ ಇದ್ದು, ಷೇಕ್ಸ್‌ಪಿಯರನ ನಾಟಕಗಳಲ್ಲಿ ಆ ಪ್ರಯೋಗವು ದೊರೆಯುತ್ತದೆ. ಇಂದು ಶಿಷ್ಟರು ಅದನ್ನು ಒಪ್ಪುವುದಿಲ್ಲ. ಕನ್ನಡಕ್ಕೆ ಇಂತಹ ತೊಡಕಿಲ್ಲ. ‘ಕಲಿ’ಗೆ ‘ಇಸು’ ಪ್ರತ್ಯಯವನ್ನು ಹತ್ತಿಸಿದರೆ ಶಿಷ್ಯನ ಕ್ರಿಯೆಯು ಗುರುವಿನ ಕ್ರಿಯೆಯಾಗುವುದು.

‘ತಿಳಿ’ ಎಂಬ ಶಬ್ದವಂತೂ ವಿಶೇಷವಾಗಿ ವಿಚಾರಾರ್ಹವಾದುದು. ಕದಡಿದ ನೀರು ಕೆಸರನ್ನು ಕೆಳಗಿಳಿಸಿ ನಿರ್ಮಲವಾದರೆ ಅದು ತಿಳಿನೀರು. ಕದಡಿದ ಮನಸ್ಸು ಹಾಗೆಯೇ ನಿರ್ಮಲವಾದರೆ ಅದು ತಿಳಿವು. ಮಳೆ ಕಡಮೆಯಾದ ಪಾವಗಡದಂತಹ ಪ್ರಾಂತದಲ್ಲಿ, ಕೊಡದ ನೀರು ತಿಳಿಯಾಗುವವರೆಗೆ ಕಾಯ್ದುಕೊಂಡಿರುವುದನ್ನು ಬಲ್ಲವರಿಗೆ ಈ ಶಬ್ದದ ಸ್ವಾರಸ್ಯವನ್ನು ವಿವರಿಸಬೇಕಾದುದಿಲ್ಲ. ಆತುರಪಟ್ಟು ಕಲಕಿದರೆ ನೀರೂ ತಿಳಿಯಾಗದು, ಮನಸ್ಸೂ ತಿಳಿಯಾಗದು.

ಇನ್ನು ‘ಓದು’ ಎಂಬ ಧಾತು ಮೊದಲು ಕಣ್ಣಿನ ಕೆಲಸವಾಗಿರಲಿಲ್ಲ, ಬಾಯಿಯ ಕೆಲಸವಾಗಿದ್ದಿತು. ತಮಿಳಿನಲ್ಲಿ ‘ಓದು’ ಎಂದರೆ ಇಂದಿಗೂ ಮಂತ್ರಾದಿಗಳನ್ನು ಪಠಿಸುವುದು. ಮಲೆಯಾಳದಲ್ಲಿ ‘ಓತ್ತು’ ಎಂದರೆ ವೇದ. ಗುರುಮುಖದಿಂದ ಕೇಳಿ ಮರಳಿ ಉಚ್ಚರಿಸುವುದೇ ವಿದ್ಯೆಯ ಕ್ರಮವಾಗಿದ್ದುದರಿಂದ ಪಠನಕ್ಕೂ ವಿದ್ಯಾಭ್ಯಾಸಕ್ಕೂ ಒಂದೇ ಮಾತು ಸಾಲುತ್ತಿದ್ದಿತು. ಹಾಗಿದ್ದರೂ, ಓದಿದವನು ಮಾತ್ರವೇ ಬಲ್ಲವನೆಂದು ಪೂರ್ವಿಕರು ಭಾವಿಸಲಿಲ್ಲ. ಕ್ರಿ. ಶ. ೮೫೦ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಉದ್ದೇಶಪೂರ್ವಕವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರೆಂದು ಕನ್ನಡ ನಾಡಿನ ಜನರನ್ನು ಕೊಂಡಾಡಿದೆ. ಓದಿಲ್ಲದ ಕಲಿಕೆಗೆ ಕನ್ನಡದ ದೊರೆತ ಗ್ರಂಥಗಳಲ್ಲಿ ಮೊದಲನೆಯದೇ ಮನ್ನಣೆಯನ್ನಿತ್ತಿರುವುದು ಸಾಮಾನ್ಯವಾದ ಸಂಗತಿಯಲ್ಲ.

ಆ ಬಳಿಕ ಬಹುಕಾಲ ಊರೂರಿನ ಮಕ್ಕಳಿಗೆ ಅಕ್ಷರವನ್ನಿತ್ತುವು ಕೂಲಿಮಠಗಳು. ಅಲ್ಲಿ ಮರಳಿನ ಮೇಲೆ ಬೆರಳಿಟ್ಟು ಅಕ್ಷರವನ್ನು ‘ತಿದ್ದು’ತ್ತಿದ್ದರು, ಮಗ್ಗಿಯನ್ನೂ ಅಮರಕೋಶವನ್ನೂ ಗಟ್ಟಿಯಾಗಿ ‘ಹೇಳು’ತ್ತಿದ್ದರು. ಬೆರಳಿಗೂ ನಾಲಗೆಗೂ ಏಕಕಾಲದಲ್ಲಿ ಕೆಲಸವಿದ್ದಿತು. ತಪ್ಪಿದವನಿಗೆ ಕೈಗಳನ್ನು ಹಗ್ಗಕ್ಕೆ ಕೊಟ್ಟು ತೂಗಾಡಿಸುವ ಕೋದಂಡವೂ ಇದ್ದಿತು. ಸಂಸ್ಕೃತದ ‘ಶಿಕ್ಷಾ’ ಶಬ್ದಕ್ಕೆ ಕನ್ನಡದಲ್ಲಿ ಬಂದೊದಗಿದ ಗತಿಯನ್ನು ಇಲ್ಲಿ ನೆನೆಯಬೇಕು. ಧಾತುಪಾಠದಲ್ಲಿ ‘ಶಿಕ್ಷ’ ಎಂಬುದಕ್ಕೆ ವಿದ್ಯೆಯನ್ನು ಸ್ವೀಕರಿಸುವುದೆಂದೇ ಅರ್ಥ. ಸಮರ್ಥನಾಗಬೇಕೆಂಬ ಇಚ್ಛೆಯೇ ಅದರ ಮೂಲವೆಂದು ಭಾಷಾತತ್ತ್ವಜ್ಞರು ಹೇಳುವರು. ಉಚ್ಚಾರಣೆಯನ್ನು ಬೋಧಿಸುವ ವೇದಾಂಗಕ್ಕೂ ಅದೇ ಹೆಸರು. ಕನ್ನಡದಲ್ಲಾದರೋ ‘ಶಿಕ್ಷಣ’ವು ವಿದ್ಯೆಯಾಗಿ ಉಳಿದು, ‘ಶಿಕ್ಷೆ’ಯು ದಂಡನೆಯಾಯಿತು. ‘ಬುದ್ಧಿ ಕಲಿಸುತ್ತೇನೆ’ ಎಂಬ ಕನ್ನಡದ ಮಾತು ಬೆದರಿಕೆಯಾಗಿರುವುದೂ ಇದೇ ಬಗೆಯಲ್ಲಿ. ಸಮರ್ಥನಾಗುವ ಇಚ್ಛೆಯನ್ನು ಹುಟ್ಟಿಸಬೇಕಾದ ಕಡೆ ಭಯವನ್ನು ಹುಟ್ಟಿಸಿದುದರ ಗುರುತನ್ನು ಭಾಷೆಯು ಅಳಿಸದೆ ಇಟ್ಟುಕೊಂಡಿದೆ.

೧೮೫೭ರಲ್ಲಿ ಮೈಸೂರು ಸೀಮೆಗೆ ವಿದ್ಯಾ ಇಲಾಖೆಯು ಬಂದಿತು. ೧೮೬೮ರಲ್ಲಿ ಲೂಯಿ ರೈಸ್ ಅವರು ಹೋಬಳಿಗೊಂದು ಶಾಲೆಯ ಏರ್ಪಾಟನ್ನು ಸೂಚಿಸಿದರು. ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯಾಯಿತು. ಕೆಲವರ ಸೊತ್ತಾಗಿದ್ದ ಅಕ್ಷರವು ಹಲವರ ಮನೆಗೆ ಬಂದುದು ಇದರಿಂದಲೇ; ಆ ಉಪಕಾರವು ಅಲ್ಪವಾದುದಲ್ಲ. ಆದರೆ ಪರೀಕ್ಷೆ, ಪಾಸು, ಫೇಲುಗಳ ಒಡನೆ ‘ಓದು’ ಎಂಬ ವ್ಯಾಪ್ಯವು ‘ಕಲಿಕೆ’ ಎಂಬ ವ್ಯಾಪಕವನ್ನು ನುಂಗುತ್ತ ಬಂದಿತು. ‘ಎಷ್ಟು ಓದಿದ್ದಾರೆ?’ ಎಂಬುದೇ ಮನುಷ್ಯನ ತೂಕವನ್ನು ಅಳೆಯುವ ಪ್ರಶ್ನೆಯಾಯಿತು. ಪಾವಗಡ ತಾಲ್ಲೂಕಿನ ವೈ. ಎನ್. ಹೊಸಕೋಟೆಯು ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಅಲ್ಲಿನ ಮಗ್ಗದ ಮುಂದೆ ಎಳೆತನದಿಂದ ಕುಳಿತು, ಹಾಸು ಹೊಕ್ಕುಗಳ ಲೆಕ್ಕವನ್ನು ಕೈಯಲ್ಲಿಯೇ ಇರಿಸಿಕೊಂಡ ಮುದುಕರೊಬ್ಬರನ್ನು ಆ ಪ್ರಶ್ನೆ ಕೇಳಿದರೆ, ‘ನಾವೇನು ಕಲಿತಿದ್ದೇವೆ ಸ್ವಾಮಿ’ ಎಂದು ತಲೆ ತಗ್ಗಿಸುವರು. ಓದಿಲ್ಲವೆಂಬುದು ನಿಜ, ಕಲಿತಿಲ್ಲವೆಂಬುದು ಅಸತ್ಯ. ಆ ಅಸತ್ಯವನ್ನು ಅವರ ಬಾಯಿಂದಲೇ ಆಡಿಸುತ್ತಿರುವುದು ಓದಿದವರ ಲೋಕ. ಇತ್ತ ಪಾಠವನ್ನು ಒಪ್ಪಿಸಿ ಬಹುಮಾನ ಪಡೆದ ಬಾಲಕನಾದರೋ, ಒಪ್ಪಿಸಿದುದರ ಅರ್ಥವನ್ನು ಕೇಳಿದರೆ ಸುಮ್ಮನಾಗುವುದುಂಟು. ಅವನು ಓದಿದ್ದಾನೆ, ಇನ್ನೂ ತಿಳಿದಿಲ್ಲ.

ಪತಂಜಲಿ ಮಹರ್ಷಿಯು ಮಹಾಭಾಷ್ಯದ ಆರಂಭದಲ್ಲಿ, ವಿದ್ಯೆಯು ನಾಲ್ಕು ಕಾಲಗಳಲ್ಲಿ ಸಾರ್ಥಕವಾಗುವುದೆಂದು ಹೇಳಿದ್ದಾನೆ: ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಸಿಸುವ ಕಾಲ, ಇತರರಿಗೆ ಬೋಧಿಸುವ ಕಾಲ, ವ್ಯವಹಾರದಲ್ಲಿ ಬಳಸುವ ಕಾಲ. ಈ ಗಣನೆಯಂತೆ ನೋಡಿದರೆ ಆ ನೇಕಾರನ ವಿದ್ಯೆಯು ನಾಲ್ಕು ಕಾಲಗಳನ್ನೂ ದಾಟಿದುದು. ಹಿರಿಯರಿಂದ ಪಡೆದನು, ತಾನೇ ಪಳಗಿದನು, ಮಕ್ಕಳಿಗೆ ಕಲಿಸಿದನು, ಅದರಿಂದಲೇ ಬಾಳಿದನು. ಬಾಲಕನದು ಇನ್ನೂ ಮೊದಲನೆಯ ಕಾಲದಲ್ಲಿಯೇ ನಿಂತಿದೆ.

ಓದನ್ನು ತಗ್ಗಿಸಿ ಮಾತನಾಡುವುದು ಇದರ ತಾತ್ಪರ್ಯವಲ್ಲ. ನೇಕಾರನ ಮೊಮ್ಮಗನಿಗೆ ಓದು ಬೇಕು. ಅದು ಅವನ ಹಕ್ಕು. ಆದರೆ ಅವನು ಶಾಲೆಯಿಂದ ಹಿಂದಿರುಗಿದಾಗ ತನ್ನ ತಾತನನ್ನು ‘ಓದದವರು’ ಎಂದರೂ ಎನ್ನಲಿ, ‘ಕಲಿಯದವರು’ ಎನ್ನದಿರಲಿ. ಆ ಎರಡು ಮಾತುಗಳನ್ನು ಬೇರೆಬೇರೆಯಾಗಿ ಉಳಿಸಿಕೊಟ್ಟ ಭಾಷೆಗೆ ಓದಿದವರು ಸಲ್ಲಿಸಬಹುದಾದ ಋಣವು ಇಷ್ಟೇ.