ತೆಪ್ಪ, ಹರಿಗೋಲು, ಅಲೆಹಲಗೆ

ಕಳೆದ ಬೇಸಗೆಯಲ್ಲಿ ಮೊಮ್ಮಗನ ಒತ್ತಾಯಕ್ಕೆ ಮಣಿದು ನಾನು ಮುಲ್ಕಿಗೆ ಹೋಗಿದ್ದೆ. ಶಾಂಭವಿ ನದಿ ಕಡಲನ್ನು ಸೇರುವ ಹಿನ್ನೀರಿನ ದಡದಲ್ಲಿ ಒಂದು ತೆಂಗಿನ ಮರದ ನೆರಳು ಹಿಡಿದು ಕುಳಿತೆ. ಹನ್ನೆರಡು ವರ್ಷದ ಹುಡುಗ ತೇಲುವ ಅಂಗಿ ತೊಟ್ಟು, ಉದ್ದನೆಯ ಹಲಗೆಯೊಂದರ ಮೇಲೆ ಮೊದಲು ಮಂಡಿಯೂರಿ, ಆಮೇಲೆ ಎದ್ದು ನಿಂತು, ನೀಳವಾದ ಹುಟ್ಟು ಹಾಕುತ್ತ ನೀರಿನ ಮೇಲೆ ಸಾಗಿದ. ಎರಡು ಸಲ ಬಿದ್ದ. ಮೂರನೆಯ ಸಲ ಬೀಳಲಿಲ್ಲ. ದಡಕ್ಕೆ ಬಂದವನು ಏದುಸಿರು ಬಿಡುತ್ತಲೇ, “ತಾತಾ, ಇದು ಹವಾಯಿಯಿಂದ ಬಂದ ಆಟ. ನಮ್ಮ ಕಡೆ ಯಾರಿಗೂ ಗೊತ್ತೇ ಇಲ್ಲ” ಎಂದ. ಅವನ ಮಾತಿನ ಮೊದಲ ಭಾಗ ನಿಜ. ಎರಡನೆಯ ಭಾಗ ನನ್ನನ್ನು ಅಂದಿನಿಂದ ಕಾಡುತ್ತಿದೆ. ಆ ಕಾಟವೇ ಈ ಭಾಷಣಕ್ಕೆ ಕಾರಣ.

ಮೊದಲು ಆ ಸಲಕರಣೆಯ ವಿಚಾರ. ಹಲಗೆ ಹತ್ತು ಹನ್ನೆರಡು ಅಡಿ ಉದ್ದ, ಸುಮಾರು ಮೂವತ್ತು ಅಂಗುಲ ಅಗಲ, ನಾಲ್ಕೈದು ಅಂಗುಲ ದಪ್ಪ. ಒಳಗೆ ಹಗುರವಾದ ನೊರೆಯ ದಿಂಡು, ಹೊರಗೆ ಗಾಜಿನೆಳೆ ಮತ್ತು ರಾಳದ ಲೇಪ. ಗಾಳಿ ತುಂಬಿ ಬಳಸಿ, ಮತ್ತೆ ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಳ್ಳುವ ಬಗೆಯೂ ಉಂಟು. ತಳದ ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಒಂದು ತುಂಡು; ಹಲಗೆ ಗಿರಕಿ ಹೊಡೆಯದೆ ನೆಟ್ಟಗೆ ಸಾಗುವುದು ಅದರ ದೆಸೆಯಿಂದ. ಹುಟ್ಟು ನಿಂತವನ ಎತ್ತರಕ್ಕಿಂತ ಗೇಣುದ್ದ ಹೆಚ್ಚು. ಅದರ ಅಲಗು ಮುಂದಕ್ಕೆ ಬಾಗಿರಬೇಕು. ಹೊಸಬರೆಲ್ಲ ಅದನ್ನು ಹಿಂದುಮುಂದಾಗಿ ಹಿಡಿಯುತ್ತಾರೆ. ಹಲಗೆಯಿಂದ ಕಾಲಿಗೆ ಒಂದು ಹಗ್ಗ. ಬಿದ್ದಾಗ ಹಲಗೆ ತೇಲಿಹೋದರೆ ಈಜು ಬಲ್ಲವನೂ ಸೋಲುತ್ತಾನೆ. ಆದ್ದರಿಂದ ಈ ಎಲ್ಲ ಉಪಕರಣಗಳಲ್ಲಿ ಆ ಹಗ್ಗವೇ ಮುಖ್ಯವೆಂದು ಕಲಿಸುವವರು ಹೇಳಿದರು.

ಹವಾಯಿಯ ಜನ ಹಲಗೆಯ ಮೇಲೆ ಅಲೆಯೇರುವುದನ್ನು ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿದ್ದ ಜೇಮ್ಸ್ ಕಿಂಗ್ ಎಂಬ ಅಧಿಕಾರಿ 1779ರಲ್ಲಿ ಬೆರಗಿನಿಂದ ಬರೆದಿಟ್ಟಿದ್ದಾನೆ. ಅದೇ ದ್ವೀಪಗಳ ವೈಕೀಕಿ ಎಂಬ ತೀರದಲ್ಲಿ, ಕಳೆದ ಶತಮಾನದ ನಡುಭಾಗದಲ್ಲಿ, ಪ್ರವಾಸಿಗಳಿಗೆ ಅಲೆಯಾಟ ಕಲಿಸುತ್ತಿದ್ದ ಕೆಲವರು ಹುಟ್ಟು ಹಿಡಿದು ಹಲಗೆಯ ಮೇಲೆ ನಿಂತರು. ಅವರು ಹಾಗೆ ನಿಂತದ್ದಕ್ಕೆ ಹೇಳುವ ಕಾರಣಗಳಲ್ಲಿ ಒಂದು ಸ್ವಾರಸ್ಯವಾಗಿದೆ: ಕಲಿಯುವವರ ಚಿತ್ರ ತೆಗೆಯಲು ಕೊರಳಲ್ಲಿ ತೂಗುಹಾಕಿಕೊಂಡ ಕ್ಯಾಮೆರಾ ನೆನೆಯಬಾರದಲ್ಲ! ಅಂದಮೇಲೆ ಈ ಆಟಕ್ಕೂ ಚಿತ್ರಗ್ರಹಣಕ್ಕೂ ನಂಟು ಹುಟ್ಟಿನಿಂದಲೇ ಬಂದದ್ದು. ಮುಂದೆ, 2000ರ ಆಸುಪಾಸಿನಲ್ಲಿ, ಲೇರ್ಡ್ ಹ್ಯಾಮಿಲ್ಟನ್ ಮೊದಲಾದವರಿಂದ ಅದು ಲೋಕಪ್ರಸಿದ್ಧವಾಯಿತು. ನಮ್ಮ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಸ್ಥಾಪನೆಯಾದದ್ದು 2004ರಲ್ಲಿ. ಅಲ್ಲಿಯ ಹುಡುಗಿ ತನ್ವಿ ಜಗದೀಶ್ ಹುಟ್ಟು ಹಿಡಿದು ನಿಲ್ಲುವ ಈ ಆಟದಲ್ಲಿ ರಾಷ್ಟ್ರದ ಚಾಂಪಿಯನ್ ಆದರು. ಹತ್ತಿರದ ಸಸಿಹಿತ್ಲು ತೀರದಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ನನ್ನ ಮೊಮ್ಮಗನೂ ಹಲಗೆಯ ಮೂತಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಅಂಟಿಸಿಕೊಂಡೇ ಹೊರಟಿದ್ದ.

ಇಷ್ಟು ಅವನ ಪಕ್ಷ. ಇನ್ನು ನನ್ನದು.

ತೇಲುವ ವಸ್ತುವಿನ ಮೇಲೆ ನಿಂತು ಕೋಲಿನಿಂದಲೋ ಹುಟ್ಟಿನಿಂದಲೋ ಸಾಗುವ ವಿದ್ಯೆ ಯಾವ ಒಂದು ದೇಶದ ಸೊತ್ತೂ ಅಲ್ಲ. ಇಂಗ್ಲಿಷಿನವರ ಕ್ಯಾಟಮರಾನ್ ನಮ್ಮ ನೆರೆಯ ತಮಿಳಿನ ಕಟ್ಟುಮರಂ, ಎಂದರೆ ಕಟ್ಟಿದ ಮರ. ಡ್ಯಾಂಪಿಯರ್ ಎಂಬ ನಾವಿಕ 1697ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ಹೆಸರಿಸಿದ್ದಾನೆ. ಬಂದರಿಲ್ಲದ ಕಾಲದ ಮದರಾಸಿನಲ್ಲಿ, ದೂರ ನಿಂತ ಹಡಗುಗಳಿಗೆ ಕಾಗದಪತ್ರ ಮುಟ್ಟಿಸುತ್ತಿದ್ದವರು ಈ ಕಟ್ಟುಮರದವರೇ. ಕಾಗದ ನೆನೆಯದಂತೆ ಟೊಪ್ಪಿಗೆಯೊಳಗೆ ಅಡಗಿಸಿಕೊಂಡು, ಮೊರೆಯುವ ಅಲೆಗಳನ್ನು ಸೀಳಿ ಹೋಗುತ್ತಿದ್ದರು. ಅವರನ್ನು ಯಾರೂ ಕ್ರೀಡಾಪಟುಗಳೆಂದು ಕರೆಯಲಿಲ್ಲ.

ಒಳನಾಡಿನವರಾದ ನಮ್ಮ ಪಾಲಿಗೆ ಬಂದದ್ದು ತೆಪ್ಪ ಮತ್ತು ಹರಿಗೋಲು. ಹರಿಗೋಲು ಎಂಬ ಪದವನ್ನೇ ನೋಡಿ. ಹರಿ ಎಂಬುದಕ್ಕೆ ಕೋಲು ಸೇರಿ, ಮಳೆಗಾಲ ಎಂಬಲ್ಲಿಯಂತೆ ಕಕಾರಕ್ಕೆ ಗಕಾರ ಆದೇಶವಾಗಿದೆ. ಹರಿಯುವ ನೀರಿನಲ್ಲಿ ನಡೆಸುವ ಕೋಲಿನ ಹೆಸರೇ ಮುಂದೆ ದೋಣಿಗೂ ಅಂಟಿಕೊಂಡಿತೆಂದು ನನ್ನ ಊಹೆ. ಹಾಗಾದರೆ ನಮ್ಮ ಹಿರಿಯರು ದೋಣಿಗಿಂತ ಅದನ್ನು ನಡೆಸುವ ಕೈಗೆ ಹೆಚ್ಚು ಬೆಲೆ ಕೊಟ್ಟರೆಂದಾಯಿತು. ಬಿದಿರ ಸೀಳಿನಿಂದ ಹೆಣೆದ ದುಂಡನೆಯ ಬುಟ್ಟಿಗೆ ಹೊರಗಿನಿಂದ ದನದ ಚರ್ಮ ಹೊದಿಸಿದರೆ ಅದೇ ಹರಿಗೋಲು. ಸಣ್ಣದಾದರೆ ಒಬ್ಬನೇ ತಲೆಯ ಮೇಲೆ ಬೋರಲು ಹೊತ್ತು ನಡೆಯಬಹುದು. ಯೂಫ್ರೆಟಿಸ್ ನದಿಯಲ್ಲಿ ಇಂಥದೇ ದುಂಡು ದೋಣಿಗಳಿದ್ದುದನ್ನು ಗ್ರೀಕರ ಹೆರೊಡೋಟಸ್ ಬಹು ಹಿಂದೆಯೇ ವರ್ಣಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗಲ್ಲಿನ ಡೊಮಿಂಗೊ ಪೇಯಸ್, ಜನರು ಇವುಗಳಲ್ಲಿ ಹೊಳೆ ದಾಟಿ ಆನೆಗೊಂದಿಯ ಕಡೆಗೆ ಹೋಗುತ್ತಿದ್ದುದನ್ನು ಕಂಡ. ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಾರೆಂದೂ, ದೋಣಿ ಸುತ್ತುತ್ತಲೇ ಸಾಗುತ್ತದೆಂದೂ ಬರೆದ. ಸುತ್ತದೆ ಇನ್ನೇನು ಮಾಡೀತು? ದುಂಡನೆಯ ತಳಕ್ಕೆ ಮುಂದಿಲ್ಲ, ಹಿಂದಿಲ್ಲ, ಮೀನಿನ ರೆಕ್ಕೆಯಂತೂ ಇಲ್ಲವೇ ಇಲ್ಲ. ಹುಟ್ಟನ್ನು ಎದುರಿಗೆ ಹಾಕಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ, ಸುತ್ತುವ ವಸ್ತುವನ್ನು ನೆಟ್ಟಗೆ ನಡೆಸುವುದೇ ಅಂಬಿಗನ ಜಾಣ್ಮೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆರ್ಥರ್ ವೆಲ್ಲೆಸ್ಲಿ ದಖ್ಖನಿನ ಹೊಳೆಗಳಲ್ಲಿ ತನ್ನ ದಂಡನ್ನು ದಾಟಿಸಲು ಇಂಥ ಬುಟ್ಟಿದೋಣಿಗಳನ್ನೇ ಕಟ್ಟಿಸಿದ.

ನಮ್ಮ ತುಮಕೂರು ಸೀಮೆಗೆ ದೊಡ್ಡ ಹೊಳೆಗಳ ಭಾಗ್ಯವಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಮಳೆಗಾಲದಲ್ಲಿ ಹೊಳೆ, ಬೇಸಗೆಯಲ್ಲಿ ಮರಳು. ಆದ್ದರಿಂದಲೇ ನಮ್ಮವರು ಕೆರೆ ಕಟ್ಟಿದರು. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಆ ಶಿಂಷೆಯದೇ ನೀರು. ಅದನ್ನು ಶ್ರೀರಾಮನೇ ಕಟ್ಟಿಸಿದನೆಂದು ಐತಿಹ್ಯ. ಕುಣಿಗಲ್ಲಿನ ದೊಡ್ಡಕೆರೆಯಂತೂ ಹಾಡಾಗಿ ನಾಡನ್ನೆಲ್ಲ ಸುತ್ತಿತು. ಅದೇ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಾಲ್ವಡಿಯವರ ಕಾಲದಲ್ಲಿ ಶಿಂಷೆಗೆ ಕಟ್ಟೆ ಕಟ್ಟಿ, ನೀರು ಮಿತಿ ಮೀರಿದಾಗ ತಾನೇ ತಾನಾಗಿ ಹೊರಬೀಳುವ ಸೈಫನ್ನುಗಳನ್ನಿಟ್ಟರು. ಈಗ ಹೇಮಾವತಿ ನಾಲೆಯ ನೀರೂ ಈ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತದೆ.

ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ತಿರುವಿದ್ದೇನೆ. ಕೆರೆ ಕಟ್ಟಿಸಿದವರಿಗೆ ನಮ್ಮ ಶಾಸನಗಳು ಕಟ್ಟುಕೊಡಗೆಯ ಭೂಮಿ ಬಿಡುತ್ತವೆ. ಕೆರೆಯ ಪೋಷಣೆಗೆ ಬಿತ್ತುವಟ್ಟ ಬಿಡುತ್ತವೆ. ತಮಿಳುನಾಡಿನ ಶಾಸನಗಳು ಕೆರೆಯ ಹೂಳನ್ನು ದೋಣಿಯಿಂದ ತೆಗೆಸಲು ದತ್ತಿ ಕೊಟ್ಟದ್ದನ್ನೂ ಹೇಳುತ್ತವೆ. ಆದರೆ ಆ ದೋಣಿಯಲ್ಲಿ ನಿಂತಿದ್ದವನು ಯಾರು? ಶಾಸನ ಕೊಟ್ಟವನನ್ನು ಬಲ್ಲದು, ಪಡೆದವನನ್ನು ಬಲ್ಲದು. ಹುಟ್ಟು ಹಾಕಿದವನನ್ನು ಹೆಸರಿಸುವುದು ಅದರ ಕೆಲಸವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬನ್ನೇ ಅಂಕಿತವಾಗಿಸಿಕೊಂಡು ವಚನ ಹೇಳಿದ್ದರ ಮಹತ್ವ ನನಗೆ ತಿಳಿದದ್ದು ಈ ಮೌನವನ್ನು ಕಂಡ ಮೇಲೆ.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಸುಮಾರು 1970ರ ಮಾತು; ಆಗ ನಾನು ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಓದುವ ಹುಡುಗ. ದೀಪಾವಳಿಯ ಮುಂಚಿನ ಮಳೆಗೆ ಊರ ಕೆರೆ ಕೋಡಿ ಬಿದ್ದಿತ್ತು. ನಾವು ನಾಲ್ವರು ಹುಡುಗರು ಗೊನೆ ಕಡಿದ ಬಾಳೆಯ ದಿಂಡುಗಳನ್ನು ತಂದು, ಬಿದಿರ ಗೂಟ ಚುಚ್ಚಿ ಜೋಡಿಸಿ, ಬಾಳೆಪಟ್ಟೆಯಿಂದ ಬಿಗಿದು ತೆಪ್ಪ ಮಾಡಿದೆವು. ನಾನು ಗಳ ಹಿಡಿದು ಅದರ ಮೇಲೆ ನಿಂತೆ. ಗಳ ನೆಲ ಮುಟ್ಟುವವರೆಗೆ ನಾನು ರಾಜ. ತೂಬಿನ ಕಡೆಗೆ ತೇಲಿದಂತೆ ಗಳ ನೆಲ ಮುಟ್ಟಲಿಲ್ಲ. ಪಟ್ಟೆ ಸಡಿಲಿ ದಿಂಡುಗಳು ಒಂದೊಂದಾಗಿ ಬೇರೆಯಾದವು. ಸ್ನೇಹಿತರು ಏರಿಯ ಮೇಲೆ ಕೂಗುತ್ತ ಓಡುತ್ತಿದ್ದರು. ನನಗೆ ಈಜು ಬಾರದು; ಒಂದು ದಿಂಡನ್ನು ಅವಚಿಕೊಂಡು ನೀರು ಕುಡಿಯುತ್ತಿದ್ದೆ.

ಬಲೆ ಎತ್ತಲು ಬಂದಿದ್ದ ಒಬ್ಬರು ಹರಿಗೋಲಿನಲ್ಲಿ ಎದ್ದು ನಿಂತು ಹುಟ್ಟು ಹಾಕುತ್ತ ಬಂದರು. ನಿಂತವರು ಬಾಗಿದ್ದು ನನ್ನ ತೋಳು ಹಿಡಿಯುವಾಗ ಮಾತ್ರ. ಒಳಗೆ ಎಳೆದುಕೊಂಡ ಮೇಲೆ ನಾನು ನಡುಗುತ್ತ ಕೆಳಗೆ ನೋಡುತ್ತಿದ್ದೆ. ದೋಣಿಯ ಜೊತೆಗೆ ನನ್ನ ತಲೆಯೂ ಸುತ್ತುತ್ತಿತ್ತು. ಅವರು, “ನೀರ ನೋಡ್ಬ್ಯಾಡಿ ಬುದ್ದಿ, ದಡ ನೋಡಿ” ಎಂದರು. ದಡ ನೋಡಿದೆ, ತಲೆ ಸುತ್ತುವುದು ನಿಂತಿತು.

ಮನೆಯಲ್ಲಿ ನಡೆದದ್ದನ್ನು ಹೇಳಲು ಇಂದಿಗೂ ಸಂಕೋಚವಾಗುತ್ತದೆ. ಚರ್ಮದ ಹರಿಗೋಲಿನಲ್ಲಿ ಕುಳಿತು ಬಂದವನೆಂದು ಅಜ್ಜಿ ನನ್ನನ್ನು ಹಿತ್ತಿಲಲ್ಲೇ ನಿಲ್ಲಿಸಿ, ತಲೆಯ ಮೇಲೆ ನೀರು ಸುರಿದು ಒಳಗೆ ಬಿಟ್ಟುಕೊಂಡರು. ನೀರಿನಲ್ಲಿ ಮುಳುಗುತ್ತಿದ್ದವನಿಗೆ ಮತ್ತೊಂದು ಸ್ನಾನ! ನನ್ನನ್ನು ಉಳಿಸಿದವರಿಗೆ ಒಂದು ಹಳೆಯ ಪಂಚೆ, ಎರಡು ಸೇರು ರಾಗಿ. ಅದೂ ಜಗಲಿಯ ಕೆಳಗೆ. ಅವರ ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದ. ಮರುವರ್ಷ ಶಾಲೆ ಬಿಟ್ಟು ಬಲೆ ಹಿಡಿದ. ನಾನು ಎಂ.ಎ. ಮಾಡಿ, ಮೂವತ್ತು ವರ್ಷ ತರಗತಿಗಳಲ್ಲಿ ಅಂಬಿಗರ ಚೌಡಯ್ಯನ ವಚನಗಳನ್ನು ಪಾಠ ಹೇಳಿದೆ. ಈ ಮೂವತ್ತು ವರ್ಷಗಳಲ್ಲಿ ನನ್ನ ಪ್ರಾಣ ಉಳಿಸಿದ ಅಂಬಿಗನ ಹೆಸರು ನನಗೆ ಗೊತ್ತಿರಲಿಲ್ಲ. ‘ಬೆಸ್ತರವನು’ ಎಂಬುದಷ್ಟೇ ನಮ್ಮ ಮನೆಯಲ್ಲಿ ಅವರಿಗಿದ್ದ ಹೆಸರು. ಶಾಸನಗಳ ಮೌನವನ್ನು ದೂರುವ ನಾನು ನನ್ನ ಮನೆಯ ಮೌನವನ್ನು ಒಂದು ದಿನವೂ ಮುರಿಯಲಿಲ್ಲ.

ಮುಲ್ಕಿಯಿಂದ ಮರಳಿದವನು ನೇರವಾಗಿ ಆ ಹಳ್ಳಿಗೆ ಹೋದೆ. ಅವರು ತೀರಿಕೊಂಡು ಬಹುಕಾಲವಾಗಿತ್ತು. ಮಗ ಸಿಕ್ಕಿದರು, ನನ್ನಂತೆಯೇ ತಲೆ ನರೆತಿದೆ. ಹರಿಗೋಲಿಗೆ ಚರ್ಮ ಹೊದಿಸುವುದು ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದು ಎಷ್ಟೋ ಕಾಲವಾಯಿತೆಂದರು. ಈಗ ಅವರು ಬಲೆ ಬಿಡುವುದು ಗೋಣಿಯಲ್ಲಿ ಹೊಲಿದ ಥರ್ಮಾಕೋಲಿನ ಹಲಗೆಯ ಮೇಲೆ ಕುಳಿತು. ನಾನು ಬೆರಗಾಗಿ ಅದನ್ನು ಮುಟ್ಟಿ ನೋಡಿದೆ. ಮುಲ್ಕಿಯ ಹಲಗೆಗಳ ಹೊಟ್ಟೆಯಲ್ಲಿರುವುದೂ ಸಾಮಾನ್ಯವಾಗಿ ಇದೇ ಪದಾರ್ಥ; ಅದಕ್ಕೆ ಗಾಜಿನೆಳೆಯ ಹೊದಿಕೆ, ಇದಕ್ಕೆ ಗೋಣಿಯ ಹೊದಿಕೆ. ನಮ್ಮ ಹೊಲದ ಬೇಲಿಗಳ ಕತ್ತಾಳೆಯ ವಿಷಯವೂ ಹೀಗೆಯೇ. ಒಣಗಿದ ಅದರ ಹೂದಂಡು ಬೆಂಡಿನಂತೆ ಹಗುರ, ನೀರಿನಲ್ಲಿ ತೇಲುತ್ತದೆ. ಅದೇ ಜಾತಿಯ ದಂಡುಗಳನ್ನು ಅಂಟಿಸಿ ಕ್ಯಾಲಿಫೋರ್ನಿಯದಲ್ಲಿ ಅಲೆಹಲಗೆ ಮಾಡುವ ಕುಶಲಿಗಳಿದ್ದಾರೆ. ಪದಾರ್ಥ ಒಂದೇ, ವಿದ್ಯೆಯೂ ಒಂದೇ; ಹೊಟ್ಟೆಗಾಗಿ ಮಾಡಿದರೆ ಕುಲಕಸುಬು, ಹಣ ಕೊಟ್ಟು ಕಲಿತರೆ ಕ್ರೀಡೆ.

ಇದು ಆಟವನ್ನು ಹಳಿಯುವ ಮಾತಲ್ಲ. ಮುಲ್ಕಿಯಲ್ಲಿ ಕಲಿಸುವವರು ಮೊದಲು ಈಜು ಬರುವುದೇ ಎಂದು ಕೇಳಿದರು, ತೇಲುವ ಅಂಗಿ ತೊಡಿಸಿದರು, ಕಾಲಿಗೆ ಹಗ್ಗ ಬಿಗಿದರು. ನಮ್ಮ ಕೆರೆಗಳ ದಡದಲ್ಲಿ ಇದೊಂದೂ ಇಲ್ಲ. ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತ ಆಳಕ್ಕೆ ಜಾರಿದ ಹುಡುಗರ ಸುದ್ದಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅವರನ್ನು ಹುಡುಕಲು ಕೊನೆಗೆ ಕರೆಯುವುದು ಇದೇ ಮೀನುಗಾರರನ್ನು. ಹೆಣ ತೆಗೆಯಲು ಬೇಕಾದವರನ್ನು ಈಜು ಕಲಿಸಲು ಕರೆದರೆ ಆಗದೆ? ನೀರಿನ ಗುಣ, ತೂಬಿನ ಸೆಳೆತ, ಹೂಳಿನ ಆಳ ಇವನ್ನು ಅವರಷ್ಟು ಬಲ್ಲವರು ಯಾವ ಪಟ್ಟಣದಲ್ಲಿದ್ದಾರೆ?

ತಂದೆಯ ಹೆಸರನ್ನು ಆ ಮಗನಿಂದ ಕೇಳಿ ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಇಲ್ಲಿ ಹೇಳಬೇಕೆಂಬ ಆಸೆಯಿತ್ತು. “ಅಪ್ಪನ ಹೆಸರು ರೇಡಿಯೋದಾಗೆ ಬ್ಯಾಡಿ ಮೇಷ್ಟ್ರೇ, ಊರೋರು ಆಡ್ಕಂತಾರೆ” ಎಂದರು. ಅವರ ಮಾತನ್ನು ಮೀರಲಾರೆ. ಆದರೆ ಮೊಮ್ಮಗನಿಗೆ ಹೇಳಿದ್ದೇನೆ. ಮುಲ್ಕಿಯಲ್ಲಿ ಅವನು ಮೂರನೆಯ ಸಲ ಬೀಳದೆ ನಿಂತದ್ದು ಹೇಗೆಂದು ಕೇಳಿದೆ. ಕಲಿಸುವವರು, “ಕಾಲು ನೋಡಬೇಡ, ದೂರ ನೋಡು” ಎಂದರಂತೆ. ಆ ಮಾತನ್ನು ನನಗೆ ಐವತ್ತು ವರ್ಷಗಳ ಹಿಂದೆ ಹೇಳಿದವರ ಹೆಸರನ್ನು ಅವನು ಈಗ ಬಲ್ಲ. ಬರುವ ರಜೆಯಲ್ಲಿ ಅವನನ್ನು ಆ ಕೆರೆಗೆ ಕರೆದೊಯ್ಯುತ್ತೇನೆ. ಹರಿಗೋಲು ಹುಡುಕಿ ತರುವುದಾಗಿ ಅವರ ಮಗ ಮಾತು ಕೊಟ್ಟಿದ್ದಾರೆ.