ನಮ್ಮ ಸೀಮೆಯಲ್ಲಿ ಕರೆಂಟು ಅನ್ನೋ ಮಾತು

ನಮ್ಮ ತಾಳವಾಡಿ ಸೀಮೆಯಲ್ಲಿ ಕರೆಂಟು ಅಂದರೆ ಮನೆಯ ದೀಪ, ಪಂಪ್‌ಸೆಟ್ಟು ಅಷ್ಟೇ ಅಲ್ಲ. ಆನೆ ಬರದಿರಲಿ ಅಂತ ಹೊಲದ ಬೇಲಿಗೆ ಬಿಡೋದೂ ಕರೆಂಟೇ. ವೀರಪ್ಪನ್ ಕಾಲದಲ್ಲಿ ಬೆಟ್ಟದ ಕಡೆ ಮನುಷ್ಯರ ಮೈಗೆ ಕೊಟ್ಟರು ಅಂತಾರಲ್ಲ, ಅದೂ ಕರೆಂಟೇ. ಈಗ ಮನಸ್ಸಿನ ಕಾಯಿಲೆಯವರಿಗೆ ಆಸ್ಪತ್ರೆಯಲ್ಲಿ ತಲೆಗೆ ಕೊಡೋ ಚಿಕಿತ್ಸೆಗೂ ಜನ ಅದೇ ಹೆಸರು ಇಟ್ಟಿದ್ದಾರೆ. ಡಾಕ್ಟರುಗಳು ಅದಕ್ಕೆ ಇ.ಸಿ.ಟಿ. ಅಂತಾರೆ. ಈ ಕೊನೆಯದರ ವಿಷಯ ಬರೆದುಕೊಡಿ ಅಂತ ವಾಚನಾಲಯದ ಹುಡುಗರು ಕೇಳಿದರು. ಬೆಟ್ಟದ ಕರೆಂಟಿನ ವಿಷಯ ಬಿಟ್ಟು ಆಸ್ಪತ್ರೆಯ ಕರೆಂಟಿನ ವಿಷಯ ಬರೆದರೆ ನಮ್ಮ ಜನಕ್ಕೆ ತಲೆಗೆ ಹತ್ತೋದಿಲ್ಲ. ಅದಕ್ಕೆ ಅಲ್ಲಿಂದಲೇ ಶುರು ಮಾಡ್ತೀನಿ.

ನಾನು ಓದಿರೋದು ಏಳನೇ ಕ್ಲಾಸು. ಮಾದಪ್ಪನ ಕಥೆ ಹಾಡ್ತೀನಿ, ರಾಗಿ, ಅರಿಶಿನ ಬೆಳೀತೀನಿ. ಮೇಷ್ಟ್ರುಗಳು ಓದುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತರು. ಆಮೇಲೆ ಎರಡು ರಾಜ್ಯದ ವಿಶೇಷ ಕಾರ್ಯಪಡೆಗಳ ಹುಡುಕಾಟ ಬಿಗಿಯಾಯಿತು. ಪೊಲೀಸರಲ್ಲೂ ಬಹಳ ಜನ ಪ್ರಾಣ ಬಿಟ್ಟರು, ಅದನ್ನು ಮರೆಮಾಚಬಾರದು. ಆದರೆ ಕಾಡಂಚಿನ ಬಡವರ ಪಾಡು ಅಡಕತ್ತರಿಗೆ ಸಿಕ್ಕಿದ ಅಡಿಕೆಯ ಪಾಡಾಯಿತು. ಅಕ್ಕಿ ಕೊಟ್ಟರೆ ಇವರು ಹಿಡೀತಾರೆ, ಕೊಡದಿದ್ದರೆ ಅವನು ಕೊಲ್ತಾನೆ. ಮಾದೇಶ್ವರನ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಅಂತ ಒಂದು ಜಾಗ ಇತ್ತು. ಅಲ್ಲಿ ರಿಪೇರಿ ಮಾಡ್ತಿದ್ದದ್ದು ವಾಹನ ಅಲ್ಲ. ಅಲ್ಲಿಗೆ ಹೋಗಿಬಂದವರು ತಲೆಕೆಳಗಾಗಿ ತೂಗುಹಾಕಿದ್ದು, ಕಿವಿಗೂ ಹೇಳಬಾರದ ಜಾಗಕ್ಕೂ ಕರೆಂಟು ಕೊಟ್ಟದ್ದು ಎಲ್ಲವನ್ನೂ ಮುಂದೆ ಸಾಕ್ಷಿ ಹೇಳಿದರು. ಮಾದಪ್ಪ ಶ್ರವಣದೊರೆಯ ಸೆರೆ ಬಿಡಿಸಿದ ಕಥೆಯನ್ನು ನಾವು ರಾತ್ರಿಯಿಡೀ ಹಾಡ್ತೀವಿ. ಅದೇ ಮಾದಪ್ಪನ ಬೆಟ್ಟದಲ್ಲಿ ಹಿಂಗಾಯಿತು.

1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಇನ್ನೊಬ್ಬ ಸದಸ್ಯರು. ಜನ ಬಂದು ಹೇಳಿದರು, ಹೆಂಗಸರೂ ಹೇಳಿದರು. ಆ ನಡುವೆಯೇ 2000ದ ಜುಲೈ 30ರ ರಾತ್ರಿ ನಮ್ಮ ಊರಿನ ತೋಟದ ಮನೆಯಿಂದ ರಾಜಣ್ಣನನ್ನು ಎತ್ತಿಕೊಂಡು ಹೋದದ್ದು, 108 ದಿನ ಆದಮೇಲೆ ಬಿಟ್ಟದ್ದು. ಅದು ಲೋಕಕ್ಕೇ ಗೊತ್ತು, ಅದನ್ನು ನಾನು ಬೆಳೆಸೋದಿಲ್ಲ. ಸಮಿತಿ 2003ರಲ್ಲಿ ವರದಿ ಕೊಟ್ಟಿತು. 2007ರಲ್ಲಿ 89 ಜನಕ್ಕೆ 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕು ಅಂತ ಆಯೋಗ ಹೇಳಿತು. ಇವೆಲ್ಲ ಕಾಗದದಲ್ಲಿ ಉಳಿದವು. ಜನರ ಬಾಯಲ್ಲಿ ಉಳಿದದ್ದು ಒಂದೇ ಮಾತು, ‘ಕರೆಂಟು ಕೊಟ್ರು’.

ಈಗ ಆಸ್ಪತ್ರೆಯ ವಿಷಯ. ನಮ್ಮ ನೆಂಟರ ಪೈಕಿ ಒಬ್ಬ ಹೆಣ್ಣುಮಗಳು. ಗಂಡ ರಾಗಿ ಹೊಲ ಕಾಯೋಕೆ ಹೋದವನು ಆನೆ ಕಾಲಿಗೆ ಸಿಕ್ಕಿದ. ಬುತ್ತಿ ತಗೊಂಡು ಹೋದವಳು ಕಣ್ಣಾರೆ ಕಂಡಳು. ಊರೂರಲ್ಲಿ ನಡೆಯೋ ದುಃಖವೇ ಇದು, ಮೂರು ತಿಂಗಳಿಗೆ ಸರಿಹೋಗ್ತಾಳೆ ಅಂದುಕೊಂಡರು. ಐದು ವರ್ಷ ಆದರೂ ಸರಿಹೋಗಲಿಲ್ಲ. ಕಸಕಡ್ಡಿ ಮುರಿದ ಸದ್ದಾದರೂ ಕಿರುಚೋಳು. ರಾತ್ರಿ ನಿದ್ದೆ ಇಲ್ಲ. ದೇವಸ್ಥಾನ ಆಯಿತು, ತಾಯಿತ ಆಯಿತು, ನಾನೂ ಅವರ ಮನೆ ಮುಂದೆ ಒಂದು ರಾತ್ರಿ ಕಥೆ ಹಾಡಿದೆ. ಹಾಡು ಕೇಳಿ ಅತ್ತಳು, ಅದಷ್ಟಕ್ಕೆ ಹಾಡು ಆಗ್ತದೆ. ಆಮೇಲೆ ಡಾಕ್ಟರ ಮಾತ್ರೆ, ಅದು ಬದಲಾಗಿ ಇನ್ನೊಂದು ಮಾತ್ರೆ, ಮತ್ತೊಂದು. ಕೊನೆಗೆ ಊಟ ಬಿಟ್ಟಳು, ಮಾತು ಬಿಟ್ಟಳು, ಗೋಡೆ ನೋಡ್ಕೊಂಡು ಕೂತಳು. ಆಗ ದೊಡ್ಡ ಆಸ್ಪತ್ರೆಯ ಡಾಕ್ಟರು ಇ.ಸಿ.ಟಿ. ಕೊಡೋದು ಒಳ್ಳೇದು ಅಂದರು.

ಅವಳ ಮಾವ ಆ ಕಾಲದಲ್ಲಿ ಬೆಟ್ಟದ ಕಡೆ ದನ ಕಾಯ್ತಿದ್ದವನು. ‘ಕರೆಂಟಾ? ಸತ್ರೂ ಬ್ಯಾಡ, ಮನೇಲೇ ಸಾಯ್ಲಿ ಬುಡು’ ಅಂದುಬಿಟ್ಟ. ಅವನನ್ನು ಮೂಢ ಅಂತ ನಗೋ ಹಾಗಿಲ್ಲ. ಆ ಮಾತು ಅವನ ಕಿವಿಗೆ ಮೊದಲು ಬಿದ್ದದ್ದು ಆಸ್ಪತ್ರೆಯಿಂದ ಅಲ್ಲ.

ನನಗೂ ಸಮಾಧಾನ ಇರಲಿಲ್ಲ. ಈ ಚಿಕಿತ್ಸೆ ಎಲ್ಲಿಂದ ಬಂತು ಅಂತ ವಾಚನಾಲಯದ ಹುಡುಗರ ಕೈಲಿ ಹುಡುಕಿಸಿದೆ. 1938ರಲ್ಲಿ ಇಟಲಿಯ ರೋಮ್ ಪಟ್ಟಣದಲ್ಲಿ ಚೆರ್ಲೆಟ್ಟಿ, ಬಿನಿ ಅನ್ನೋ ಇಬ್ಬರು ಡಾಕ್ಟರು ಶುರು ಮಾಡಿದರು. ಮೂರ್ಛೆ ಬರಿಸಿದರೆ ಕೆಲವು ಹುಚ್ಚು ಇಳೀತದೆ ಅಂತ ಅದಕ್ಕೂ ಮುಂಚೆಯೇ ಹಂಗೇರಿ ದೇಶದ ಮೆಡೂನಾ ಅನ್ನೋರು ಔಷಧಿ ಚುಚ್ಚಿ ನೋಡಿದ್ದರು. ಚೆರ್ಲೆಟ್ಟಿ ಕಸಾಯಿಖಾನೆಗೆ ಹೋಗಿ ಹಂದಿಗಳ ತಲೆಗೆ ಕರೆಂಟು ಹಿಡಿಯೋದನ್ನು ಕಂಡರು. ಹಂದಿಗೆ ಮೂರ್ಛೆ ಬರ್ತದೆ, ಕತ್ತು ಕುಯ್ಯದಿದ್ದರೆ ಎದ್ದು ಓಡ್ತದೆ. ಅಲ್ಲಿಂದ ಧೈರ್ಯ ಬಂತು. (ಹಂದಿಯ ಮಾತನ್ನು ನಾನು ಮಾವನಿಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಗೇ ಮುಗೀತಿತ್ತು.) ಮೊದಲು ಕೊಟ್ಟದ್ದು ರೈಲ್ವೆ ನಿಲ್ದಾಣದಲ್ಲಿ ಸಿಕ್ಕಿದ, ತಲೆಕೆಟ್ಟು ಅಲೀತಿದ್ದ ಒಬ್ಬನಿಗೆ. ಒಂದು ಸಲ ಕೊಟ್ಟಾಗ ಆತ ಇನ್ನೊಂದು ಬೇಡ, ಸಾಯಿಸ್ತದೆ ಅಂದನಂತೆ. ಆದರೂ ಕೊಟ್ಟರು. ಇದನ್ನು ಆ ಡಾಕ್ಟರೇ ಬರೆದಿದ್ದಾರೆ. ಆತ ಗುಣವಾಗಿ ಮನೆಗೆ ಹೋದ ಅನ್ನೋದೂ ಇದೆ. ನನಗೆ ಮಾತ್ರ ಆತ ಬೇಡ ಅಂದದ್ದು ತಲೆಯಿಂದ ಹೋಗಲಿಲ್ಲ.

ಆಗ ಅರಿವಳಿಕೆ ಕೊಡ್ತಿರಲಿಲ್ಲ. ಮೈ ಅದುರಿ ಮೂಳೆ ಮುರಿದದ್ದೂ ಉಂಟು. 1950ರ ದಶಕದಲ್ಲಿ ಮಾಂಸಖಂಡ ಸಡಿಲ ಮಾಡೋ ಔಷಧಿ ಬಂದ ಮೇಲೆ ಆ ಭಯ ಇಳೀತು. ಆದರೂ ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಹಳ ಕಾಲ ಅರಿವಳಿಕೆ ಇಲ್ಲದೆಯೇ ಕೊಟ್ಟರು. ಹೊರದೇಶಗಳಲ್ಲಿ ಮಾತು ಕೇಳದ ರೋಗಿಗಳನ್ನು ಹೆದರಿಸೋಕೂ ಬಳಸಿದ್ದುಂಟು. ಆದ್ದರಿಂದ ಬೆಟ್ಟದ ಕರೆಂಟು ಪೂರಾ ಪಾಪ, ಆಸ್ಪತ್ರೆಯ ಕರೆಂಟು ಪೂರಾ ಪುಣ್ಯ ಅಂತ ನಾನು ಬರೆಯಲಾರೆ.

ಬೆಂಗಳೂರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಇತ್ತು. 1954ರಲ್ಲಿ ಅಲ್ಲಿ ಅಖಿಲ ಭಾರತ ಸಂಸ್ಥೆ ಆಯಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ದೇಶದ ನಾನಾ ಕಡೆಯಿಂದ ಡಾಕ್ಟರುಗಳು ಬಂದು ಅಲ್ಲಿ ಕಲೀತಾರೆ. ನಾವು ಜಗಳದಲ್ಲಿ ಬಯ್ಯೋಕೆ ಅದರ ಹೆಸರು ಎತ್ತುತೀವಿ, ಅಷ್ಟೇ ನಮ್ಮ ಪರಿಚಯ. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯಿಂದ ‘ಶರಪಂಜರ’ ಸಿನಿಮಾ ಮಾಡಿದರು. ಟೆಂಟಿನಲ್ಲಿ ಕೂತು ಎಲ್ಲರೂ ಕಲ್ಪನಾಗಾಗಿ ಕಣ್ಣೀರು ಹಾಕಿದೋರೇ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮನೆಯವರೂ ನೆರೆಯವರೂ ಮತ್ತೆ ಹುಚ್ಚಿ ಮಾಡೋದು ಆ ಕಥೆ. ಅತ್ತು ಬಂದ ಮೇಲೂ ನಮ್ಮ ಬೀದಿಗಳಲ್ಲಿ ಅದೇ ನಡೀತಿದೆ.

ಮನೇಲೇ ಸಾಯ್ಲಿ ಅನ್ನೋರಿಗೆ, ಕಟ್ಟಿಹಾಕಿ ಅನ್ನೋರಿಗೆ ಏರವಾಡಿ ನೆನಪಿರಲಿ. ನಮ್ಮ ತಮಿಳುನಾಡಿನದೇ ಊರು, ರಾಮನಾಥಪುರ ಜಿಲ್ಲೆ. ದರ್ಗಾದ ಹತ್ತಿರ ಖಾಸಗಿಯವರು ನಡೆಸ್ತಿದ್ದ ಗುಡಿಸಲಲ್ಲಿ ಮನೋರೋಗಿಗಳನ್ನು ಸರಪಳಿ ಹಾಕಿ ಇಟ್ಟಿದ್ದರು. 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಓಡೋಕಾಗದೆ 28 ಜನ ಸತ್ತರು.

2017ರಲ್ಲಿ ಮಾನಸಿಕ ಆರೋಗ್ಯದ ಹೊಸ ಕಾನೂನು ಆಯಿತು. ಸರಪಳಿ ಹಾಕೋ ಹಾಗಿಲ್ಲ. ಅರಿವಳಿಕೆ, ಮಾಂಸಖಂಡದ ಔಷಧಿ ಇಲ್ಲದೆ ಇ.ಸಿ.ಟಿ. ಕೊಡೋ ಹಾಗಿಲ್ಲ. ತುರ್ತು ಅಂತ ಹೇಳಿಯೂ ಕೊಡೋ ಹಾಗಿಲ್ಲ. ಚಿಕ್ಕ ಮಕ್ಕಳಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆ ಸಾಲದು, ಮಂಡಳಿಯ ಅನುಮತಿ ಬೇಕು. ರೋಗಿಗೆ ತಿಳುವಳಿಕೆ ಇದ್ದರೆ ರೋಗಿಯನ್ನೇ ಕೇಳಬೇಕು.

ಇಷ್ಟು ತಿಳಕೊಂಡು, ಮಾವನನ್ನೂ ಕರಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕೂರಿಸಿ ಹೇಳಿದರು. ಮೊದಲು ನಿದ್ದೆಗೆ ಇಂಜೆಕ್ಷನ್, ಆಮೇಲೆ ಮೈ ಸಡಿಲ ಆಗೋಕೆ. ಒಂದು ಕಾಲಿಗೆ ಮಾತ್ರ ರಕ್ತದೊತ್ತಡ ನೋಡೋ ಪಟ್ಟಿ ಬಿಗೀತಾರೆ, ಔಷಧಿ ಆ ಪಾದಕ್ಕೆ ಇಳಿಯದ ಹಾಗೆ. ಆ ಪಾದ ಅದುರಿದರೆ ಒಳಗೆ ಮೂರ್ಛೆ ಬಂದಿದೆ ಅಂತ ಗೊತ್ತಾಗ್ತದೆ. ಕರೆಂಟು ಹರಿಯೋದು ಕೆಲವೇ ಸೆಕೆಂಡು, ಮೂರ್ಛೆ ಒಂದು ನಿಮಿಷದ ಒಳಗೆ. ವಾರಕ್ಕೆ ಎರಡು ಮೂರು ಸಲ, ಒಟ್ಟು ಆರರಿಂದ ಹನ್ನೆರಡು ಸಲ. ತಲೆನೋವು ಬರಬಹುದು. ಆ ದಿನಗಳ ನೆನಪು ಅಳಿಸಿಹೋಗಬಹುದು, ಕೆಲವರಿಗೆ ಹಳೇ ನೆನಪೂ.

‘ಆನೆ ಕಂಡ ನೆನಪು ಅಳಿಸ್ತದಾ?’ ಅಂತ ನಾನು ಕೇಳಿದೆ. ಇಲ್ಲ, ಅದಕ್ಕಲ್ಲ ಇದು ಅಂದರು. ಕಂಡ ಭಯ ಹಿಂಗೆ ಮೈಗೆ ಅಂಟಿ ಕೂರೋದಕ್ಕೆ ಪಿ.ಟಿ.ಎಸ್.ಡಿ. ಅಂತ ಹೆಸರಂತೆ. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರನ್ನು ನೋಡಿ ಅಮೆರಿಕದವರು 1980ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಅದಕ್ಕೆ ಮೊದಲ ಮದ್ದು ತಿಳಿದವರ ಹತ್ತಿರ ಕೂತು, ಆದದ್ದನ್ನು ಸ್ವಲ್ಪ ಸ್ವಲ್ಪವೇ ಹೇಳಿಕೊಂಡು ಭಯ ಇಳಿಸೋ ಚಿಕಿತ್ಸೆ. ಜೊತೆಗೆ ಕೆಲವು ಮಾತ್ರೆ. ಕರೆಂಟು ಆ ಭಯಕ್ಕೆ ನೇರ ಮದ್ದು ಅಂತ ಇನ್ನೂ ಸಾಬೀತಾಗಿಲ್ಲ. ಭಯದ ಜೊತೆ ಇಳಿದಿರೋ ಖಿನ್ನತೆಗೆ, ಊಟ ಮಾತು ಬಿಟ್ಟ ಸ್ಥಿತಿಗೆ, ಸಾಯ್ತೀನಿ ಅನ್ನೋರಿಗೆ ಅದು ಬೇಗ ಹಿಡೀತದೆ. ‘ಅವರು ಬಾಯಿ ಬಿಟ್ಟರೆ ತಾನೇ ನಾನು ಮಾತಿನ ಚಿಕಿತ್ಸೆ ಮಾಡೋದು?’ ಅಂದರು. ನನಗೆ ಎಲ್ಲಕ್ಕಿಂತ ಇದು ಸರಿಯಾಗಿ ತಿಳೀತು.

ಮಾವ ಅಷ್ಟೂ ಹೊತ್ತು ಸುಮ್ಮನಿದ್ದ. ನಾನು ಸೋಲಾರ್ ಬೇಲಿಯ ಹೋಲಿಕೆ ಕೊಟ್ಟೆ. ‘ಕಂಬದಿಂದ ನೇರ ಲೈನ್ ಎಳೆದ ತಂತಿ ಆನೇನೂ ಕೊಲ್ತದೆ, ಆಳನ್ನೂ ಕೊಲ್ತದೆ. ಸೋಲಾರಿಂದು ಅಳತೆಯಲ್ಲಿ ಬಡಿದು ಬುಡ್ತದೆ’ ಅಂದೆ. ತಲೆ ಆಡಿಸಿದ, ಒಪ್ಪಲಿಲ್ಲ. ಆಮೇಲೆ ಅವನೇ ಕೇಳಿದ, ‘ನಡುವೆ ಅವ್ಳು ಬ್ಯಾಡ ಅಂದ್ರೆ ನಿಲ್ಲುಸ್ತೀರವ್ವಾ?’ ನಿಲ್ಲಿಸ್ತೀವಿ ಅಂದರು ಡಾಕ್ಟರಮ್ಮ. ‘ನಿದ್ದೆ ಬರಸೋವಾಗ ನಾನು ತಾವೇ ಇರಬೋದಾ?’ ಬಾಗಿಲ ತನಕ ಬನ್ನಿ ಅಂದರು. ಆಗ ಸರಿ ಅಂದ. ಸೊಸೆಯ ಹತ್ತಿರ ಮೂರು ದಿನ ಬಿಡಿಸಿ ಬಿಡಿಸಿ ಹೇಳಿದರು, ಅವಳು ತಲೆ ಅಲ್ಲಾಡಿಸಿ ಹೆಬ್ಬೆಟ್ಟು ಒತ್ತಿದಳು.

ಎಂಟು ಸಲ ಆಯಿತು. ನಾಲ್ಕನೇದರ ಹೊತ್ತಿಗೆ ಮುದ್ದೆ ಕೇಳಿದಳು. ಈಗ ಮನೆಕೆಲಸ ಮಾಡ್ತಾಳೆ, ನೀರಿಗೆ ಹೋಗ್ತಾಳೆ, ತಿಂಗಳಿಗೊಂದು ಸಲ ಮಾತಿನ ಚಿಕಿತ್ಸೆಗೆ ಬಸ್ ಹತ್ತುತಾಳೆ. ಆಸ್ಪತ್ರೆಯ ಆ ದಿನಗಳು ನೆನಪಿಲ್ಲ. ನಾನು ಅವರ ಮನೆ ಮುಂದೆ ಹಾಡಿದ ರಾತ್ರಿಯೂ ನೆನಪಿಲ್ಲ ಅಂದಳು, ಇನ್ನೊಂದು ಸಲ ಹಾಡಿ ಅಂದಳು. ಆನೆ ಬಂದದ್ದು ನೆನಪಿದೆ. ಕತ್ತಲಾದ ಮೇಲೆ ಹೊಲದ ಕಡೆ ಹೋಗೋದಿಲ್ಲ, ಅಲ್ಲಿ ಮಾವ ಕಾಯ್ತಾನೆ.