ದಪ್ಪಕ್ಷರದ ಹಿರಿಯ: ಕ್ಲಾರೆಂಡನ್

ಇಂಗ್ಲಿಷ್ ನಿಘಂಟಿನ ಯಾವ ಪುಟ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ದಪ್ಪಕ್ಷರದ ಪದ. ಅರ್ಥ, ವ್ಯುತ್ಪತ್ತಿ, ಪ್ರಯೋಗಗಳೆಲ್ಲ ಅದರ ಹಿಂದೆ ತೆಳು ಅಕ್ಷರಗಳಲ್ಲಿ ಸಾಲುಗಟ್ಟಿರುತ್ತವೆ. ಹುಟ್ಟಿನಿಂದಲೇ ಇದ್ದದ್ದೆನ್ನಿಸುವ ಈ ಏರ್ಪಾಡಿಗೆ ಇನ್ನೂ ಎರಡು ಶತಮಾನ ತುಂಬಿಲ್ಲ. ಅದಕ್ಕೂ ಮೊದಲು ಒಂದು ಪದವನ್ನು ಎತ್ತಿ ತೋರಿಸಬೇಕಾದಾಗ ಮುದ್ರಕರು ಓರೆ ಅಕ್ಷರವನ್ನೋ, ಕಿರಿಯ ಗಾತ್ರದ ಕ್ಯಾಪಿಟಲ್‌ಗಳನ್ನೋ, ಹಳೆಯ ಗಾಥಿಕ್ ಲಿಪಿಯನ್ನೋ ನೆಚ್ಚಬೇಕಿತ್ತು.

ದಪ್ಪ ಅಕ್ಷರಗಳೇ ಇರಲಿಲ್ಲವೆಂದಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಗೋಡೆಗಳ ಮೇಲೆ ಲಾಟರಿ, ನಾಟಕ, ಹರಾಜುಗಳ ಭಿತ್ತಿಪತ್ರಗಳು ಬೊಜ್ಜು ಬೆಳೆದ ಅಕ್ಷರಗಳಲ್ಲಿ ಕೂಗುತ್ತಿದ್ದವು. ಆದರೆ ಅವು ಬೀದಿಯ ಅಕ್ಷರಗಳು. ಪುಸ್ತಕದ ಸಾಲಿನೊಳಗೆ ತಂದು ಕೂರಿಸಿದರೆ ಪಕ್ಕದವರನ್ನು ತಳ್ಳಿ ಕೂರುವ ಪ್ರಯಾಣಿಕನಂತೆ ಕಾಣುತ್ತಿದ್ದವು.

ಈ ತೊಡಕನ್ನು ಬಿಡಿಸಿದ್ದು ಲಂಡನ್ನಿನ ಫ್ಯಾನ್ ಸ್ಟ್ರೀಟಿನ ಮೊಳೆ ಎರಕದ ಕಾರ್ಖಾನೆ. ಅದನ್ನು 1820ರಲ್ಲಿ ಕೊಂಡ ವಿಲಿಯಂ ಥೊರೊಗುಡ್‌ಗೆ ಹಣ ಬಂದದ್ದು ಲಾಟರಿಯಿಂದ ಎಂಬ ಪ್ರತೀತಿಯಿದೆ. ಅವನ ಪಾಲುದಾರನಾದ ರಾಬರ್ಟ್ ಬೆಸ್ಲಿ 1845ರಲ್ಲಿ ಹೊಸ ಅಕ್ಷರವೊಂದನ್ನು ಹೊರತಂದ. ಉಕ್ಕಿನಲ್ಲಿ ಅದರ ಅಚ್ಚು ಕೊರೆದ ಕುಶಲಕರ್ಮಿ ಬೆಂಜಮಿನ್ ಫಾಕ್ಸ್. ಆಕ್ಸ್‌ಫರ್ಡಿನ ಕ್ಲಾರೆಂಡನ್ ಮುದ್ರಣಾಲಯವನ್ನು ನೆನಪಿಸುವ ಹೆಸರನ್ನೇ ಅದಕ್ಕೆ ಇಟ್ಟರು.

ಕ್ಲಾರೆಂಡನ್‌ನಲ್ಲಿ ಅಕ್ಷರದ ತುದಿಯ ಅಡ್ಡಗೆರೆ, ಅಂದರೆ ಸೆರಿಫ್, ಗಟ್ಟಿಯಾಗಿದೆ. ಆದರೆ ಅದು ಕಂಬಕ್ಕೆ ಹೊಡೆದ ಹಲಗೆಯಂತಿಲ್ಲ, ಬಳುಕಿ ಬಂದು ಕೂಡುತ್ತದೆ. ದಪ್ಪ ಗೆರೆಗೂ ತೆಳು ಗೆರೆಗೂ ಅಂತರವಿದೆ, ಅತಿರೇಕವಿಲ್ಲ. ಹೀಗಾಗಿ ಸಾಧಾರಣ ಅಕ್ಷರದ ಜೊತೆ ಅದೇ ಸಾಲಿನಲ್ಲಿ, ಅದೇ ಗಾತ್ರದಲ್ಲಿ ಹೊಂದಿಕೊಂಡು ನಿಲ್ಲಬಲ್ಲದು. ನಿಘಂಟು, ರೈಲ್ವೆ ವೇಳಾಪಟ್ಟಿ, ಪಠ್ಯಪುಸ್ತಕಗಳಿಗೆ ಬೇಕಾಗಿದ್ದುದು ಇಂಥದೇ. ಮುಂದೆ ಇಂಗ್ಲೆಂಡಿನ ಮುದ್ರಕರ ಬಾಯಲ್ಲಿ ‘ಕ್ಲಾರೆಂಡನ್’ ಎಂದರೆ ಯಾವುದೇ ದಪ್ಪಕ್ಷರ ಎಂದಾಯಿತು.

ಹೆಸರು ಹೀಗೆ ಎಲ್ಲರ ಸ್ವತ್ತಾದದ್ದರಲ್ಲಿ ಬೆಸ್ಲಿಯ ನಷ್ಟದ ಕತೆಯೂ ಇದೆ. 1842ರ ಅಲಂಕಾರಿಕ ವಿನ್ಯಾಸಗಳ ಕಾಯ್ದೆಯಡಿ ಆತ ಅಕ್ಷರವನ್ನು ನೋಂದಾಯಿಸಿದ್ದ. ಕಾಯ್ದೆ ಕೊಟ್ಟ ರಕ್ಷಣೆ ಮೂರೇ ವರ್ಷ. ಅವಧಿ ಮುಗಿದದ್ದೇ ತಡ, ಉಳಿದ ಕಾರ್ಖಾನೆಗಳು ನಕಲು ಎರಕಕ್ಕೆ ಇಳಿದವು. ವರ್ಷಗಟ್ಟಲೆ ಕೊರೆಯುವ ಕೆಲಸಕ್ಕೆ ಮೂರು ವರ್ಷದ ಹಕ್ಕು ನ್ಯಾಯವೆನ್ನುವುದು ಕಷ್ಟ. ಆದರೆ ನಕಲಾಗದಿದ್ದರೆ ಅಕ್ಷರ ಇಷ್ಟು ದೂರ ಹರಡುತ್ತಿತ್ತೇ ಎಂಬುದೂ ಸಂಶಯವೇ. ಬೆಸ್ಲಿಯೇನೂ ಬಡವನಾಗಲಿಲ್ಲ, 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ.

ಅಮೆರಿಕದಲ್ಲಿ ಇದರ ಸಂತತಿ ಮರದ ಮೊಳೆಗಳಾಗಿ ಭಿತ್ತಿಪತ್ರಗಳಿಗೆ ಮರಳಿತು. ಕೌಬಾಯ್ ಸಿನಿಮಾಗಳಲ್ಲಿ ‘ಬೇಕಾಗಿದ್ದಾನೆ’ ಎಂದು ಸಾರುವ, ಮೇಲೂ ಕೆಳಗೂ ದಪ್ಪ ಪಟ್ಟಿಯುಳ್ಳ ಅಕ್ಷರ ಅದೇ ವಂಶದ್ದು. 1953ರಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಐಡೆನ್‌ಬೆಂಜ್ ಅದಕ್ಕೆ ಹೊಸ ರೂಪ ಕೊಟ್ಟ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಫಲಕಗಳಲ್ಲೂ ಅದು ದಶಕಗಳ ಕಾಲ ದಾರಿ ತೋರಿಸಿತು.

ಕನ್ನಡದ ದುಂಡಕ್ಷರಗಳನ್ನು ದಪ್ಪವಾಗಿಸುವುದು ಇನ್ನೂ ನಾಜೂಕಿನ ಕೆಲಸ. ಗೆರೆ ಉಬ್ಬಿದಷ್ಟೂ ಒಳಗಿನ ಬಯಲು ಕುಗ್ಗುತ್ತದೆ, ಒತ್ತಕ್ಷರ ಮಸಿಯ ಬೊಟ್ಟಾಗುತ್ತದೆ. ಧಕಾರದ ಕೆಳಗಿನ ಸಣ್ಣ ಸೀಳು ಮುಚ್ಚಿಹೋದರೆ ಶೀರ್ಷಿಕೆಯ ‘ಧನ’ ಓದುಗನ ಕಣ್ಣಿಗೆ ‘ದನ’ವಾಗಿಬಿಡುತ್ತದೆ.